ಕೊಟ್ಟವರು ಯಾರೇ ಇರಲಿ, ಹೊಣೆ ತರಬೇತುದಾರರದು

ಕುದುರೆ ಪಂದ್ಯದ ತರಬೇತುದಾರರು ಮತ್ತು ಸವಾರರು ಪಾಲಿಸಬೇಕಾದ ನಿಯಮಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಯಾವ ಕುದುರೆ ಗೆಲ್ಲುತ್ತದೆ ಎಂದು ಕೇಳಿದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಅದು ಗೊತ್ತಿದ್ದಿದ್ದರೆ ನಾನು ಅಂಕಣ ಬರೆಯುತ್ತಾ ಕುಳಿತಿರುತ್ತಿರಲಿಲ್ಲ.

ಪ್ರಶ್ನೆ: ನನ್ನ ಸೋದರಮಾವ ಬಹಳ ವರ್ಷಗಳಿಂದ ರೇಸ್ ಕುದುರೆಗಳಿಗೆ ತರಬೇತಿ ಕೊಡುತ್ತಿದ್ದಾರೆ. ಗೆದ್ದ ಕುದುರೆಯೊಂದರ ಮೂತ್ರದಲ್ಲಿ ನಿಷೇಧಿತ ಔಷಧದ ಅಂಶ ಸಿಕ್ಕಿತೆಂದು ಗೆಲುವನ್ನು ರದ್ದು ಮಾಡಿ, ಅವರಿಗೆ ದಂಡವನ್ನೂ ಹಾಕಿದರು. ಔಷಧ ಕೊಟ್ಟವರು ಅವರೇ ಎಂದು ಯಾರೂ ಸಾಬೀತು ಮಾಡಲಿಲ್ಲ. ಇದು ಯಾವ ನ್ಯಾಯ?

ಉತ್ತರ: ನಿಮ್ಮ ಮಾವನವರ ಸಂಕಟ ಅರ್ಥವಾಗುತ್ತದೆ. ಆದರೆ ರೇಸಿಂಗ್ ನಿಯಮ ಇಲ್ಲಿ ಕೇಳುವ ಪ್ರಶ್ನೆ ‘ತಪ್ಪು ಮಾಡಿದವರು ಯಾರು’ ಎಂಬುದಲ್ಲ, ‘ಕುದುರೆ ಯಾರ ಸುಪರ್ದಿಯಲ್ಲಿತ್ತು’ ಎಂಬುದು. ಪಂದ್ಯದ ದಿನ ಕುದುರೆಯ ಮೈಯಲ್ಲಿ ಇರಬಾರದ ವಸ್ತು ಇದ್ದರೆ, ಅದು ಹೇಗೆ ಸೇರಿತು ಎಂಬುದು ತಿಳಿಯದಿದ್ದರೂ ಮೊದಲ ಹೊಣೆ ತರಬೇತುದಾರರದೇ. ರೇಸಿಂಗ್ ನಡೆಯುವ ಹೆಚ್ಚಿನ ದೇಶಗಳು ಈ ತತ್ವವನ್ನು ಒಂದಲ್ಲ ಒಂದು ರೂಪದಲ್ಲಿ ಒಪ್ಪಿಕೊಂಡಿವೆ. ಕಠಿಣವೆನಿಸುತ್ತದೆ, ನಿಜ. ಆದರೆ ಇನ್ನೊಂದು ದಾರಿಯನ್ನು ಊಹಿಸಿ ನೋಡಿ: ರಾತ್ರಿ ಲಾಯದೊಳಗೆ ಯಾರು ಬಂದರು, ಮೇವಿನಲ್ಲಿ ಏನು ಬೆರೆಸಿದರು ಎಂದು ಹೊರಗಿನ ಅಧಿಕಾರಿಯೊಬ್ಬರು ಸಾಕ್ಷಿ ಸಮೇತ ತೋರಿಸಬೇಕಾಗಿದ್ದರೆ, ಒಂದು ಪ್ರಕರಣವೂ ಮುಗಿಯುತ್ತಿರಲಿಲ್ಲ.

ಹೊಣೆ ಅವರದೆಂದ ಮಾತ್ರಕ್ಕೆ ಶಿಕ್ಷೆ ಎಲ್ಲರಿಗೂ ಒಂದೇ ಎಂದಲ್ಲ. ಕುದುರೆಯ ಗೆಲುವು ಸಾಮಾನ್ಯವಾಗಿ ರದ್ದಾಗುತ್ತದೆ; ಔಷಧದ ಅಂಶವಿದ್ದ ಕುದುರೆಗೆ ಬಹುಮಾನ ಕೊಟ್ಟರೆ ಎರಡನೆಯ ಸ್ಥಾನದಲ್ಲಿ ಬಂದವರಿಗೆ ಅನ್ಯಾಯ. ಆದರೆ ತರಬೇತುದಾರರು ಎಚ್ಚರ ವಹಿಸಿದ್ದರೆಂದು ದಾಖಲೆಯ ಮೂಲಕ ತೋರಿಸಿದರೆ ಅವರ ಮೇಲಿನ ದಂಡ ಇಳಿಯಬಹುದು. ಇನ್ನೊಂದು ಹಕ್ಕೂ ಅವರಿಗಿದೆ. ಮಾದರಿಯನ್ನು ತೆಗೆದುಕೊಂಡಾಗಲೇ ಎರಡು ಭಾಗ ಮಾಡಿ, ತರಬೇತುದಾರರ ಕಡೆಯವರೊಬ್ಬರ ಎದುರಿನಲ್ಲೇ ಮೊಹರು ಹಾಕುವುದು ರೂಢಿ. ಮೊದಲ ಭಾಗದಲ್ಲಿ ಏನಾದರೂ ಕಂಡುಬಂದರೆ ಎರಡನೆಯದನ್ನು ಪರೀಕ್ಷಿಸಿರೆಂದು ಕೇಳಬಹುದು. ನಿಮ್ಮ ಮಾವ ಅದನ್ನು ಕೇಳಿದ್ದರೇ ಎಂದು ನೀವು ಬರೆದಿಲ್ಲ.

ಔಷಧ ಕುದುರೆಯ ಮೈ ಸೇರುವ ದಾರಿಗಳು ಕೆಲವೊಮ್ಮೆ ತೀರ ವಿಚಿತ್ರ. ಅಮೆರಿಕದ ಪ್ರಸಿದ್ಧ ಪಂದ್ಯವಾದ ಕೆಂಟಕಿ ಡರ್ಬಿಯಲ್ಲಿ 2021ರಲ್ಲಿ ಮೊದಲು ಗುರಿ ಮುಟ್ಟಿದ ‘ಮೆಡಿನಾ ಸ್ಪಿರಿಟ್’ ಕುದುರೆಯ ರಕ್ತದಲ್ಲಿ ಬೀಟಾಮೆಥಾಸೋನ್ ಎಂಬ ಉರಿಯೂತ ತಗ್ಗಿಸುವ ಔಷಧ ಸಿಕ್ಕಿತು. ಅದು ಕೀಲಿಗೆ ಚುಚ್ಚಿದ ಔಷಧವಲ್ಲ, ಚರ್ಮದ ತೊಂದರೆಗೆ ಹಚ್ಚಿದ ಮುಲಾಮಿನಿಂದ ಬಂದದ್ದು ಎಂದು ತರಬೇತುದಾರರ ಪರವಾಗಿ ವಾದಿಸಲಾಯಿತು. ಆದರೂ 2022ರ ಫೆಬ್ರವರಿಯಲ್ಲಿ ಗೆಲುವು ರದ್ದಾಯಿತು. ತರಬೇತುದಾರರನ್ನು 90 ದಿನ ಅಮಾನತಿನಲ್ಲಿಟ್ಟರು. ಆ ಡರ್ಬಿಯ ಹಿಂದಿನ ವರ್ಷ, 2020ರಲ್ಲಿ, ಪ್ಯಾರಿಸ್ಸಿನ ಪ್ರಿಕ್ಸ್ ಡಿ ಲಾರ್ಕ್ ಡಿ ಟ್ರಯಂಫ್ ಪಂದ್ಯಕ್ಕೆ ಹೆಸರು ಕೊಟ್ಟಿದ್ದ ಐರ್ಲೆಂಡಿನ ಒಂದೇ ಲಾಯದ ನಾಲ್ಕು ಕುದುರೆಗಳನ್ನು ಕೊನೆಯ ಗಳಿಗೆಯಲ್ಲಿ ಹಿಂತೆಗೆದುಕೊಳ್ಳಬೇಕಾಯಿತು. ಕಾರಣ, ಅವು ತಿಂದ ಮೇವಿನಲ್ಲಿ ಜಿಲ್ಪಾಟೆರಾಲ್ ಎಂಬ ನಿಷೇಧಿತ ವಸ್ತು ಬೆರೆತಿತ್ತು. ಅಲ್ಲಿ ಲಾಯದವರು ಮಾಡಿದ ತಪ್ಪು ಏನೂ ಇರಲಿಲ್ಲ.

ಇವಕ್ಕಿಂತ ಸಾಮಾನ್ಯವಾದ ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕುದುರೆ ನೋಡಿಕೊಳ್ಳುವ ಹುಡುಗ ನೋವಿನ ಮಾತ್ರೆ ನುಂಗಿರುತ್ತಾನೆ. ಶೌಚಾಲಯ ದೂರವೆಂದು ಲಾಯದ ಮೂಲೆಯ ಹುಲ್ಲಿನ ಮೇಲೆಯೇ ಮೂತ್ರ ಮಾಡುತ್ತಾನೆ. ಉಪ್ಪಿನ ರುಚಿಗೆ ಕುದುರೆ ಅದೇ ಹುಲ್ಲನ್ನು ಮೇಯುತ್ತದೆ. ಪ್ರಯೋಗಾಲಯದ ಯಂತ್ರಕ್ಕೆ ಅಷ್ಟು ಸಾಕು. ಚಹಾ ಕುಡಿದ ಲೋಟವನ್ನು ಮೇವಿನ ತೊಟ್ಟಿಯ ಅಂಚಿನಲ್ಲಿಡುವುದೂ ಇದೇ ಬಗೆಯ ಅಜಾಗ್ರತೆ, ಏಕೆಂದರೆ ಕೆಫೀನ್ ಕೂಡ ನಿಷೇಧಿತ ವಸ್ತು.

ಹಾಗಾಗಿ ನಿಮ್ಮ ಮಾವನವರಿಗೆ ನಾನು ಕೊಡುವ ಸಲಹೆ ಒಂದು ನೋಟುಪುಸ್ತಕ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕುದುರೆಗೆ, ಯಾವ ಔಷಧವನ್ನು, ಎಷ್ಟು ಪ್ರಮಾಣದಲ್ಲಿ, ಯಾವ ದಾರಿಯಲ್ಲಿ, ಯಾರು ಕೊಟ್ಟರು, ಯಾವ ಪಶುವೈದ್ಯರು ಬರೆದುಕೊಟ್ಟರು ಎಂಬುದನ್ನು ಆಗಿಂದಾಗಲೇ ಬರೆದಿಡಬೇಕು. ಸಂಜೆ ನೆನಪು ಮಾಡಿಕೊಂಡು ಬರೆದದ್ದು ಲೆಕ್ಕಕ್ಕಿಲ್ಲ. ಹೊಸ ಮೇವಿನ ಚೀಲ ಒಡೆದಾಗ ಅದರ ಮೇಲಿನ ತಯಾರಿಕಾ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಒಂದು ಹಿಡಿ ಮೇವನ್ನು ಬೇರೆಯಾಗಿ ತೆಗೆದಿಡಬೇಕು. ಔಷಧ ನಿಲ್ಲಿಸಿದ ಮೇಲೆ ಎಷ್ಟು ದಿನ ಕಾಯಬೇಕು ಎಂಬುದರಲ್ಲಿಯೂ ಒಂದು ಸೂಕ್ಷ್ಮವಿದೆ. ಅಧಿಕೃತ ಪಟ್ಟಿಯಲ್ಲಿರುವ ‘ಪತ್ತೆಯಾಗುವ ಅವಧಿ’ ಕೆಲವೇ ಕುದುರೆಗಳ ಮೇಲೆ ನಡೆಸಿದ ಪ್ರಯೋಗದಿಂದ ಬಂದದ್ದು. ನಿಮ್ಮ ಕುದುರೆಯ ವಯಸ್ಸು, ಆರೋಗ್ಯ, ಔಷಧದ ಪ್ರಮಾಣ ಬೇರೆಯಿರುವುದರಿಂದ ಪಶುವೈದ್ಯರು ಅದಕ್ಕೆ ಇನ್ನಷ್ಟು ದಿನ ಸೇರಿಸಿ ಕಾಯುವ ಅವಧಿಯನ್ನು ಗೊತ್ತುಮಾಡುತ್ತಾರೆ. ಪಟ್ಟಿಯ ಅಂಕಿಯನ್ನೇ ನಂಬಿ ಕುದುರೆ ಓಡಿಸಿದವರು ಸಿಕ್ಕಿಬಿದ್ದದ್ದುಂಟು.

ಪ್ರಶ್ನೆ: ನನ್ನ ಮಗ ಕಲಿಕೆಯ ಹಂತದ ಜಾಕಿ. ಕೊನೆಯ ಕೆಲವು ಗಜಗಳಲ್ಲಿ ಚಾವಟಿ ಹೆಚ್ಚು ಬಳಸಿದನೆಂದು ಅವನನ್ನು ಅಮಾನತು ಮಾಡಿದರು. ಗೆಲ್ಲಲು ಪ್ರಯತ್ನಿಸದಿದ್ದರೂ ಶಿಕ್ಷೆ, ಪ್ರಯತ್ನಿಸಿದರೂ ಶಿಕ್ಷೆ ಎಂದರೆ ಹುಡುಗರು ಏನು ಮಾಡಬೇಕು?

ಉತ್ತರ: ಇಕ್ಕಟ್ಟು ನಿಜವಾದದ್ದೇ. ಕುದುರೆಗೆ ದಕ್ಕಬಹುದಾದ ಅತ್ಯುತ್ತಮ ಸ್ಥಾನಕ್ಕಾಗಿ ಸವಾರ ಪ್ರಾಮಾಣಿಕವಾಗಿ ಯತ್ನಿಸಲೇಬೇಕು ಎಂಬುದೂ ನಿಯಮ. ಆ ಯತ್ನದಲ್ಲಿ ಚಾವಟಿಗೆ ಮಿತಿ ಇದೆ ಎಂಬುದೂ ನಿಯಮ. ಮಿತಿ ದೇಶದಿಂದ ದೇಶಕ್ಕೆ ಬೇರೆ. 2022ರ ಜುಲೈನಿಂದ ಜಾರಿಗೆ ಬಂದ ಅಮೆರಿಕದ ರಾಷ್ಟ್ರಮಟ್ಟದ ಸುರಕ್ಷತಾ ನಿಯಮದ ಪ್ರಕಾರ ಒಂದು ಪಂದ್ಯದಲ್ಲಿ ಆರು ಪೆಟ್ಟು, ಅದರಲ್ಲೂ ಸತತವಾಗಿ ಎರಡಕ್ಕಿಂತ ಹೆಚ್ಚಿಲ್ಲ. ಬ್ರಿಟನ್ನಿನಲ್ಲಿ 2023ರಿಂದ ಸಮತಟ್ಟಿನ ಓಟಕ್ಕೆ ಆರು, ಅಡೆತಡೆ ಹಾರುವ ಓಟಕ್ಕೆ ಏಳು. ಮಿತಿಗಿಂತ ನಾಲ್ಕು ಅಥವಾ ಹೆಚ್ಚು ಪೆಟ್ಟು ಕೊಟ್ಟರೆ ಕುದುರೆಯನ್ನೇ ಅನರ್ಹಗೊಳಿಸುತ್ತಾರೆ. ನಾರ್ವೆ 1982ರಲ್ಲಿಯೇ ಚಾವಟಿಯ ಬಳಕೆಗೆ ಬಹುಮಟ್ಟಿಗೆ ತೆರೆ ಎಳೆಯಿತು. ಅಲ್ಲಿ ಪಂದ್ಯಗಳೇನೂ ನಿಂತುಹೋಗಲಿಲ್ಲ.

ಆದರೆ ನಿಮ್ಮ ಮಗ ಎಣಿಕೆಯೊಂದನ್ನೇ ನೆನಪಿಟ್ಟುಕೊಂಡರೆ ಸಾಲದು. ಎರಡೇ ಪೆಟ್ಟು ಕೊಟ್ಟೂ ಶಿಕ್ಷೆಗೆ ಗುರಿಯಾಗಬಹುದು: ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಿ ಬೀಸಿದ್ದರೆ, ಕುದುರೆ ಪ್ರತಿಕ್ರಿಯಿಸಲು ಬಿಡುವು ಕೊಡದೆ ಮತ್ತೆ ಹೊಡೆದಿದ್ದರೆ, ದಣಿದು ಹಿಂದೆ ಬಿದ್ದ ಕುದುರೆಯ ಮೇಲೆ ಬಳಸಿದ್ದರೆ, ಗೆಲುವು ಖಚಿತವಾದ ಮೇಲೂ ಬಳಸಿದ್ದರೆ. ಸ್ಟೀವರ್ಡ್‌ಗಳು, ಅಂದರೆ ಪಂದ್ಯದ ತೀರ್ಪುಗಾರರು, ವಿಡಿಯೊವನ್ನು ನಿಧಾನಗತಿಯಲ್ಲಿ ನೋಡುವಾಗ ಪೆಟ್ಟಿನ ಜೊತೆಗೆ ಎರಡು ಪೆಟ್ಟುಗಳ ನಡುವೆ ಕುದುರೆ ಎಷ್ಟು ಹೆಜ್ಜೆ ಹಾಕಿತೆಂಬುದನ್ನೂ ಎಣಿಸುತ್ತಾರೆ. ವಿಚಾರಣೆಯಲ್ಲಿ ನೋಡಿದ ಅವನ ಪಂದ್ಯದ ವಿಡಿಯೊವನ್ನು ಕೇಳಿ ಪಡೆದು, ಒಬ್ಬ ಹಿರಿಯ ಜಾಕಿಯೊಂದಿಗೆ ಕುಳಿತು ಹೀಗೆಯೇ ಹೆಜ್ಜೆ ಎಣಿಸುತ್ತಾ ನೋಡಲಿ.

ಪ್ರಶ್ನೆ: ಮೊದಲು ಬಂದ ಕುದುರೆಯನ್ನು ‘ಅಡ್ಡ ಬಂತು’ ಎಂಬ ಕಾರಣಕ್ಕೆ ಕೆಲವೆಡೆ ಕೆಳಗಿಳಿಸುತ್ತಾರೆ, ಕೆಲವೆಡೆ ಇಳಿಸುವುದಿಲ್ಲ. ಏಕೆ?

ಉತ್ತರ: ಜಗತ್ತಿನಲ್ಲಿ ಇದಕ್ಕೆ ಎರಡು ಪದ್ಧತಿಗಳಿವೆ. ಬಹುಪಾಲು ದೇಶಗಳಲ್ಲಿರುವ ಮೊದಲ ಪದ್ಧತಿಯಲ್ಲಿ ಸ್ಟೀವರ್ಡ್‌ಗಳು ಕೇಳಿಕೊಳ್ಳುವುದು ಒಂದೇ: ಅಡ್ಡಿಯಾಗದೇ ಇದ್ದಿದ್ದರೆ ತೊಂದರೆಗೊಳಗಾದ ಕುದುರೆ ಅಡ್ಡ ಬಂದ ಕುದುರೆಗಿಂತ ಮುಂದೆ ಬರುತ್ತಿತ್ತೇ? ಬರುತ್ತಿರಲಿಲ್ಲ ಎನಿಸಿದರೆ ಫಲಿತಾಂಶವನ್ನು ಹಾಗೆಯೇ ಬಿಟ್ಟು, ಅಜಾಗ್ರತೆಯಿಂದ ಸವಾರಿ ಮಾಡಿದ ಜಾಕಿಯನ್ನು ಪ್ರತ್ಯೇಕವಾಗಿ ದಂಡಿಸುತ್ತಾರೆ. ಅಮೆರಿಕದಲ್ಲಿರುವ ಎರಡನೆಯ ಪದ್ಧತಿಯಲ್ಲಿ, ಅಡ್ಡಿಯಿಂದ ಇನ್ನೊಂದು ಕುದುರೆಗೆ ಒಳ್ಳೆಯ ಸ್ಥಾನ ತಪ್ಪಿದ್ದರೆ ಸಾಕು, ಅಡ್ಡ ಬಂದದ್ದನ್ನು ಅದರ ಹಿಂದಕ್ಕೆ ಇಳಿಸುತ್ತಾರೆ. 2019ರ ಕೆಂಟಕಿ ಡರ್ಬಿಯಲ್ಲಿ ‘ಮ್ಯಾಕ್ಸಿಮಮ್ ಸೆಕ್ಯುರಿಟಿ’ ಮೊದಲು ಗುರಿ ಮುಟ್ಟಿಯೂ, ಸುಮಾರು 22 ನಿಮಿಷಗಳ ಪರಿಶೀಲನೆಯ ನಂತರ 17ನೆಯ ಸ್ಥಾನಕ್ಕೆ ಇಳಿದದ್ದು ಹೀಗೆ. ನನಗೆ ಮೊದಲ ಪದ್ಧತಿಯೇ ಹೆಚ್ಚು ಸರಿಯೆನಿಸುತ್ತದೆ. ಆದರೆ ಅದರಲ್ಲಿ ಜಾಕಿಯ ಶಿಕ್ಷೆ ಹಗುರವಾದರೆ ‘ಗೆದ್ದರೆ ಸಾಕು, ಅಮಾನತು ಆಮೇಲೆ ನೋಡಿಕೊಳ್ಳೋಣ’ ಎಂಬ ಲೆಕ್ಕಾಚಾರಕ್ಕೆ ಎಡೆಯಾಗುತ್ತದೆಂಬ ಆಕ್ಷೇಪವನ್ನು ತಳ್ಳಿಹಾಕಲಾಗದು.

ಪ್ರಶ್ನೆ: ಓಟಕ್ಕೆ ಮುಂಚೆಯೂ ನಂತರವೂ ಜಾಕಿಗಳನ್ನು ತೂಗುವುದೇಕೆ? ನನ್ನ ತಮ್ಮ ತೂಕ ಇಳಿಸಲು ಎರಡು ದಿನ ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ.

ಉತ್ತರ: ಪ್ರತಿ ಕುದುರೆ ಹೊರಬೇಕಾದ ಭಾರ ಮೊದಲೇ ನಿಗದಿಯಾಗಿರುತ್ತದೆ. ಜೀನನ್ನು ಹಿಡಿದುಕೊಂಡೇ ಜಾಕಿ ತಕ್ಕಡಿಯ ಮೇಲೆ ಕೂರುತ್ತಾನೆ. ಸಾಲದ ಭಾರವನ್ನು ಜೀನಿನ ಚೀಲದಲ್ಲಿ ಸೀಸದ ತುಂಡುಗಳಿಟ್ಟು ತುಂಬುತ್ತಾರೆ. ಓಟದ ನಡುವೆ ಭಾರ ಕಳೆದಿಲ್ಲವೆಂದು ಖಚಿತಪಡಿಸಲು ಎರಡನೆಯ ತೂಕ. ಅಲ್ಲಿ ಮಿತಿ ಮೀರಿ ಕಡಿಮೆ ಬಂದರೆ ಕುದುರೆ ಅನರ್ಹ.

ನಿಮ್ಮ ತಮ್ಮನ ವಿಷಯ ಬೇರೆ, ಗಂಭೀರ. ನೀರು ಬಿಟ್ಟ ದೇಹದಲ್ಲಿ ಪ್ರತಿಕ್ರಿಯೆ ನಿಧಾನವಾಗುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸುಮಾರು 500 ಕಿಲೋ ತೂಗುವ ಪ್ರಾಣಿಯ ಮೇಲಿರುವಾಗ ಅದು ಅವನೊಬ್ಬನ ಅಪಾಯವಲ್ಲ, ಹಿಂದೆ ಬರುವ ಸವಾರರೆಲ್ಲರದು. ಬ್ರಿಟನ್ನಿನ ರೇಸ್ ಕೋರ್ಸ್‌ಗಳಲ್ಲಿ ಬೆವರು ಸುರಿಸಿ ತೂಕ ಇಳಿಸಲು ಇದ್ದ ಉಗಿ ಕೋಣೆಗಳನ್ನು ತೆಗೆದುಹಾಕಿದ್ದೂ ಇದೇ ಕಾರಣಕ್ಕೆ. ಅವನು ಕಡಿಮೆ ಭಾರದ ಸವಾರಿಗಳನ್ನು ಒಪ್ಪಿಕೊಳ್ಳುವುದನ್ನೇ ನಿಲ್ಲಿಸಲಿ.

ಪ್ರಶ್ನೆ: ಲಾಯದಲ್ಲಿ ಕೆಲಸಕ್ಕೆ ಸೇರಿ ಒಂದು ತಿಂಗಳಾಯಿತು. ಹಗ್ಗವನ್ನು ಕೈಗೆ ಸುತ್ತಿಕೊಂಡಿದ್ದಕ್ಕೆ ಹಿರಿಯರು ಗದರಿದರು. ಜಾರದಿರಲೆಂದು ಸುತ್ತಿಕೊಂಡಿದ್ದೆ, ತಪ್ಪೇನು?

ಉತ್ತರ: ಗದರಿದವರು ನಿಮ್ಮ ಬೆರಳುಗಳನ್ನು ಉಳಿಸಿದ್ದಾರೆ. ಕುದುರೆ ಬೆದರಿ ಹಿಂದಕ್ಕೆ ಜಿಗಿದರೆ ಸುತ್ತಿದ ಹಗ್ಗ ಕೈಯ ಸುತ್ತ ಬಿಗಿಯುತ್ತದೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ಉಳಿದ ಹಗ್ಗವನ್ನು ಎಡಗೈಯಲ್ಲಿ ಮಡಿಕೆ ಮಾಡಿ ಹಿಡಿಯಿರಿ. ಕಟ್ಟಿಹಾಕುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ. ನೇರ ಹಿಂದಿನಿಂದ ಹೋಗಬೇಡಿ, ಅಲ್ಲಿ ಅದಕ್ಕೆ ಕಣ್ಣು ಕಾಣದು. ಮಾತನಾಡಿಸುತ್ತಾ ಭುಜದ ಕಡೆಯಿಂದ ಬನ್ನಿ.

ಪ್ರಶ್ನೆ: ನನ್ನ ಯಜಮಾನರು ಮುಂಜಾನೆಯ ತಾಲೀಮಿನಲ್ಲಿ ಬಿದ್ದು ಒಂದು ಕ್ಷಣ ಎಚ್ಚರ ತಪ್ಪಿದ್ದರು. ಈಗ ‘ಏನೂ ಆಗಿಲ್ಲ’ ಎಂದು ವಾರಾಂತ್ಯದ ಪಂದ್ಯಕ್ಕೆ ಹೊರಟಿದ್ದಾರೆ. ಅದೇ ಹೆಲ್ಮೆಟ್ ಹಾಕಿಕೊಳ್ಳುತ್ತಾರಂತೆ, ಬಿರುಕು ಬಿಟ್ಟಿಲ್ಲವಲ್ಲ ಎನ್ನುತ್ತಾರೆ. ಅಂಗಿಯೊಳಗೆ ತೊಡುವ ಎದೆ-ಬೆನ್ನಿನ ರಕ್ಷಾಕವಚವೂ ಹಳೆಯದು.

ಉತ್ತರ: ತಾಯಿ, ಅವರನ್ನು ಸವಾರಿಗೆ ಕಳುಹಿಸಬೇಡಿ. ಮಿದುಳಿಗೆ ಪೆಟ್ಟು ಬಿದ್ದಿರುವ ಶಂಕೆಯಿದ್ದರೆ ಆ ದಿನವೇ ಸವಾರಿಯಿಂದ ಇಳಿಸಬೇಕು, ವೈದ್ಯರು ಲಿಖಿತವಾಗಿ ಒಪ್ಪುವವರೆಗೆ ಮತ್ತೆ ಹತ್ತಿಸಬಾರದು ಎಂಬುದು ಸುವ್ಯವಸ್ಥಿತ ರೇಸಿಂಗ್ ಇರುವ ಕಡೆಗಳ ಸಾಮಾನ್ಯ ನಿಯಮ. ಸವಾರ ಸ್ವತಃ ‘ಚೆನ್ನಾಗಿದ್ದೇನೆ’ ಎನ್ನುವುದಕ್ಕೆ ಇಲ್ಲಿ ಬೆಲೆಯಿಲ್ಲ, ಏಕೆಂದರೆ ಪೆಟ್ಟು ಬಿದ್ದಿರುವುದು ತೀರ್ಮಾನ ಮಾಡುವ ಮಿದುಳಿಗೇ. ಅದಕ್ಕಾಗಿಯೇ ಹಲವೆಡೆ ಜಾಕಿಗಳಿಗೆ ಆರೋಗ್ಯವಾಗಿರುವಾಗಲೇ ನೆನಪು ಮತ್ತು ಗಮನದ ಪರೀಕ್ಷೆ ಮಾಡಿ ಅಂಕ ಬರೆದಿಟ್ಟಿರುತ್ತಾರೆ. ಬಿದ್ದ ಮೇಲೆ ಅದೇ ಪರೀಕ್ಷೆ ಮಾಡಿ ಹೋಲಿಸುತ್ತಾರೆ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಅಪಾಯ ಹಲವು ಪಟ್ಟು. ತಲೆನೋವು, ವಾಂತಿ, ಬೆಳಕು ಚುಚ್ಚಿದಂತಾಗುವುದು, ಮಾತು ತಡವರಿಸುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತಾಲೀಮಿನಲ್ಲಿ ಬಿದ್ದದ್ದೆಂದು ಮುಚ್ಚಿಡದೆ ತರಬೇತುದಾರರಿಗೂ ರೇಸ್ ವೈದ್ಯರಿಗೂ ತಿಳಿಸಬೇಕು.

ಹೆಲ್ಮೆಟ್ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಅದರೊಳಗಿನ ಗಟ್ಟಿ ಥರ್ಮಾಕೋಲಿನಂಥ ಪದರ ಒಮ್ಮೆ ಜಜ್ಜಿಹೋಗಿ ಪೆಟ್ಟನ್ನು ಹೀರಿಕೊಳ್ಳುವುದಕ್ಕೆಂದೇ ಇರುವುದು. ಜಜ್ಜಿದ ಮೇಲೆ ಮತ್ತೆ ಉಬ್ಬುವುದಿಲ್ಲ. ಒಳಗಿನ ಬಟ್ಟೆಯ ಹೊದಿಕೆ ಇರುವುದರಿಂದ ಅದು ಕಣ್ಣಿಗೂ ಬೀಳದು. ಹೊಸದನ್ನು ಕೊಳ್ಳುವಾಗ ಪಿಎಎಸ್ 015 ಅಥವಾ ಎಎಸ್‌ಟಿಎಂ ಎಫ್1163 ಎಂಬ ಸುರಕ್ಷತಾ ಮಾನದಂಡದ ಗುರುತುಗಳನ್ನು ಹುಡುಕಿ, ನಿಮ್ಮಲ್ಲಿನ ರೇಸಿಂಗ್ ಸಂಸ್ಥೆ ಯಾವುದನ್ನು ಒಪ್ಪುತ್ತದೆಂದು ಕೇಳಿ. ಮುಂದೆ ಗಟ್ಟಿ ಚಾಚು ಇರುವ ಮಾದರಿ ಬೇಡ. ಬಿದ್ದಾಗ ಅದು ನೆಲಕ್ಕೆ ತಗುಲಿ ಕತ್ತನ್ನು ಹಿಂದಕ್ಕೆ ತಿರುಚಬಹುದು. ಪಟ್ಟಿ ಬಿಗಿದ ಮೇಲೆ ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೆ ಅಲುಗಬೇಕು. ಹೆಲ್ಮೆಟ್ ಮಾತ್ರ ಜಾರಿದರೆ ಅಳತೆ ದೊಡ್ಡದಾಯಿತು.

ಎದೆ-ಬೆನ್ನಿನ ರಕ್ಷಾಕವಚದ ಫೋಮ್ ಬೆವರು ಮತ್ತು ಬಿಸಿಲಿಗೆ ಗಡಸಾಗುತ್ತದೆ. ಬಿದ್ದಿರಲಿ ಬಿಡಲಿ, ಮೂರರಿಂದ ಐದು ವರ್ಷಕ್ಕೊಮ್ಮೆ ಬದಲಾಯಿಸುವುದು ವಾಡಿಕೆ. ಹೆಬ್ಬೆರಳಿನಿಂದ ಒತ್ತಿ ನೋಡಿ: ಕುಳಿ ಬಿದ್ದದ್ದು ಹಾಗೆಯೇ ಉಳಿದರೆ ಅದರ ಆಯುಸ್ಸು ಮುಗಿದಿದೆ. ಹಳೆಯ ಹೆಲ್ಮೆಟ್ಟನ್ನು ಯಾರಿಗೂ ಕೊಡಬೇಡಿ, ಪಟ್ಟಿ ಕತ್ತರಿಸಿಯೇ ಎಸೆಯಿರಿ. ಇಲ್ಲವಾದರೆ ಅದು ಲಾಯಕ್ಕೆ ಹೊಸದಾಗಿ ಬಂದ ಹುಡುಗನ ತಲೆಗೆ ಏರುತ್ತದೆ.