ಅರವತ್ತೆಂಟಕ್ಕೆ ಹಲ್ಲೇಕೆ ಎನ್ನುವವರಿಗೆ

ಬಸವನಗುಡಿಯ ಓದುಗರೊಬ್ಬರ ಪತ್ರ: ‘ನನಗೆ 68 ವರ್ಷ. ನಾಲ್ಕು ಹಲ್ಲು ಹುಳುಕಾಗಿವೆ. ಈ ವಯಸ್ಸಿನಲ್ಲಿ ಹಲ್ಲು ಉಳಿಸುವ ರೂಟ್ ಕೆನಾಲ್ ಚಿಕಿತ್ಸೆಗೆ ದುಡ್ಡು ಸುರಿಯುವ ಬದಲು ಎಲ್ಲವನ್ನೂ ಕೀಳಿಸಿ ಸೆಟ್ ಹಾಕಿಸಿಕೊಳ್ಳಿ ಎನ್ನುತ್ತಾನೆ ಮಗ. ವಯಸ್ಸಾದ ಮೇಲೆ ಹಲ್ಲು ಹೋಗುವುದು ಸಹಜವೇ ತಾನೇ?’

ಉತ್ತರ: ಸಹಜವಲ್ಲ ಸ್ವಾಮಿ. ಅಲುಗಾಡುತ್ತ ಕೀವು ಸುರಿಸುವ ಹಲ್ಲನ್ನು ಕೀಳಿಸಲೇಬೇಕು, ಮನೆ ನಡೆಸುವ ಮಗನಿಗೆ ಖರ್ಚಿನ ಚಿಂತೆಯೂ ಇರುತ್ತದೆ, ಒಪ್ಪಿದೆ. ಆದರೆ ಹಿರಿಯರ ಹಲ್ಲು ಹೋಗುವುದು ಬಹುಮಟ್ಟಿಗೆ ಹುಳುಕಿನಿಂದ ಮತ್ತು ಒಸಡಿನ ರೋಗದಿಂದ, ಎರಡನ್ನೂ ತಡೆಯಬಹುದು. ಜಪಾನಿನಲ್ಲಿ 1989ರಲ್ಲಿ ‘80ನೇ ವಯಸ್ಸಿಗೆ 20 ಹಲ್ಲು’ ಎಂಬ ಆಂದೋಲನ ಆರಂಭವಾಯಿತು. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನ ಸುಮಾರು ಅರ್ಧದಷ್ಟು ಮಂದಿ ಗುರಿ ಮುಟ್ಟಿದ್ದರು. ಅವರದೇನು ಕಬ್ಬಿಣದ ಹಲ್ಲೇ?

ವಯಸ್ಸಿನೊಂದಿಗೆ ಬಾಯಿ ಬದಲಾಗುವುದು ನಿಜ. ಒಸಡು ಹಿಂದೆ ಸರಿದು ಬೇರು ಹೊರಬೀಳುತ್ತದೆ. ಬೇರಿಗೆ ಎನಾಮಲ್ ಎಂಬ ಗಟ್ಟಿ ಹೊದಿಕೆಯಿಲ್ಲದ್ದರಿಂದ ಹುಳುಕು ಅಲ್ಲಿ ಬೇಗ ಹಿಡಿಯುತ್ತದೆ. ಹಲ್ಲಿನೊಳಗೆ ನರವಿರುವ ಜಾಗ ಕಿರಿದಾಗುತ್ತ ಬರುವುದರಿಂದ ನೋವು ತಡವಾಗಿ ತಿಳಿಯುತ್ತದೆ, ‘ನೋವಿಲ್ಲವಲ್ಲ’ ಎಂದು ನಾವೂ ಸುಮ್ಮನಿರುತ್ತೇವೆ. ಬಿಪಿಗೆ, ಅಲರ್ಜಿಗೆ, ಖಿನ್ನತೆಗೆ ನುಂಗುವ ಹಲವು ಮಾತ್ರೆಗಳು ಬಾಯಿಯನ್ನು ಒಣಗಿಸುತ್ತವೆ. ಹಲ್ಲನ್ನು ಕೊರೆಯುವ ಆಮ್ಲವನ್ನು ತೊಳೆಯುವ ಜೊಲ್ಲು ಕಡಿಮೆಯಾದಷ್ಟೂ ಹುಳುಕು ಹೆಚ್ಚು. ಶುಗರ್ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಶುಗರ್ ಹತೋಟಿಗೆ ಬರಲು ಸತಾಯಿಸುತ್ತದೆ.

ಇನ್ನು ಸೆಟ್ಟಿನ ಮಾತು. ಹಲ್ಲು ಕಿತ್ತ ಜಾಗದಲ್ಲಿ ದವಡೆಯ ಮೂಳೆ ವರ್ಷ ವರ್ಷವೂ ಸವೆಯುವುದರಿಂದ, ಇಂದು ಬಿಗಿಯಾಗಿ ಕೂತ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ. ಜಯನಗರದಲ್ಲಿರುವ ನನ್ನ ಬಂಧುವೊಬ್ಬರು ಅದನ್ನು ಮದುವೆ-ಮುಂಜಿಗೆ ಮಾತ್ರ ಹಾಕಿಕೊಂಡು ಹೋಗಿ, ಫೋಟೋ ಮುಗಿದೊಡನೆ ಕರವಸ್ತ್ರದಲ್ಲಿ ಸುತ್ತಿಟ್ಟು, ಕೋಸಂಬರಿಯನ್ನು ಎಲೆಯ ಅಂಚಿಗೆ ಸರಿಸಿ, ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರೆ. ನಿಮ್ಮ ಮಗನಿಗೆ ಇದನ್ನು ತಿಳಿಸಿ.

ಕಣ್ಣಿನ ಪೊರೆ ತೆಗೆಸಲು ಓಡಿಬರುವ ಮಕ್ಕಳು, ಅದಕ್ಕೆ ಹಣ ಕೊಡುವ ವಿಮೆ, ಹಲ್ಲೆಂದೊಡನೆ ಹಿಂದೆ ಸರಿಯುವುದನ್ನು ಕಂಡರೆ ನನಗೆ ಹಿಂದಿನಿಂದಲೂ ಸಿಟ್ಟು. ಆರೋಗ್ಯ ವಿಮೆಗಳಲ್ಲಿ ಅಪಘಾತದ ಹೊರತು ಹಲ್ಲಿಗೆ ಸಾಮಾನ್ಯವಾಗಿ ಜಾಗವೇ ಇಲ್ಲ. ಬಾಯಿ ದೇಹದ ಹೊರಗಿದೆಯೋ ಏನೋ! ಬೆಂಗಳೂರಿನಲ್ಲಿ ಬೀದಿಗೊಂದು ದಂತ ಕ್ಲಿನಿಕ್ ಇದೆ, ಆದರೆ ಎಷ್ಟೋ ಕಡೆ ಅದು ಮೆಡಿಕಲ್ ಶಾಪಿನ ಮೇಲೆ, ಲಿಫ್ಟಿಲ್ಲದ ಕಡಿದಾದ ಮೆಟ್ಟಿಲ ತುದಿಯಲ್ಲಿ. ಮಂಡಿನೋವಿನವರು ಬೋರ್ಡು ಓದಿಕೊಂಡು ಮನೆಗೆ ಹೋಗಬೇಕು.

ಹಣದ್ದೇ ತೊಂದರೆಯಾದರೆ ಕೋಟೆಯ ಬಳಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ನಿಮಗೆ ದೂರವಲ್ಲ. ನುಂಗುವ ಮಾತ್ರೆಗಳ ಚೀಟಿಯನ್ನೆಲ್ಲ ಒಯ್ಯಿರಿ. ಮೂಳೆ ಸವೆತಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳುವ ಮೊದಲೇ ಹೇಳಿ, ಏಕೆಂದರೆ ಅವುಗಳಲ್ಲಿ ಕೆಲವು ದವಡೆಯ ಗಾಯ ಮಾಯದಂತೆ ಮಾಡಬಲ್ಲವು. ನಾಲ್ಕರಲ್ಲಿ ಎಷ್ಟನ್ನು ಉಳಿಸಬಹುದೆಂದು ವೈದ್ಯರು ಹೇಳುವವರೆಗೂ ಮಗನ ಮಾತಿಗೆ ಹೂಂ ಅನ್ನಬೇಡಿ.