ಕಳೆಯುವುದೂ ಶಿಕ್ಷೆಯೂ ಒಂದಲ್ಲ

ಋಣಾತ್ಮಕ ಪುನರ್ಬಲನ ಅಂದ್ರೆ ಶಿಕ್ಷೆನೇ ಅಲ್ವಾ ಅಂತ ಕೇಳಿದ್ದೀರಿ. ಅಲ್ಲ. ಕಾಟ ಕೊಡುವ ಏನನ್ನೋ ಕಳೆದು, ಅದರಿಂದ ಒಂದು ವರ್ತನೆ ಹೆಚ್ಚಾಗುವಂತೆ ಮಾಡುವುದೇ ಋಣಾತ್ಮಕ ಪುನರ್ಬಲನ. ಬಿ.ಎಡ್ ಓದುವಾಗ ನಾನೂ ಇಲ್ಲೇ ಎಡವಿದ್ದೆ. ‘ಋಣ’ ಅಂದ್ರೆ ಇಲ್ಲಿ ಕೆಟ್ಟದ್ದಲ್ಲ, ಸುಮ್ನೆ ಲೆಕ್ಕದ ಮೈನಸ್.

ನೀವು ರಾಯಚೂರಿನವರು ಅಂದ್ರಲ್ಲ, ಮೇ ತಿಂಗಳ ಬಿಸಿಲನ್ನೇ ತಗೊಳ್ಳಿ. ಬೈಕ್ ಹತ್ತುವ ಮುಂಚೆ ಮುಖಕ್ಕೆ ಒದ್ದೆ ಟವೆಲ್ ಸುತ್ತಿದಿರಿ, ಉರಿ ತಗ್ಗಿತು. ನಾಳೆ ಯಾರೂ ಹೇಳದೆ ಮತ್ತೆ ಸುತ್ತುತ್ತೀರಿ. ಕಾಟ ಕಳೆಯಿತು, ವರ್ತನೆ ಜಾಸ್ತಿಯಾಯಿತು. ಮನೋವಿಜ್ಞಾನಿ ಸ್ಕಿನ್ನರ್ ಅವರ ಪ್ರಯೋಗದ ಪೆಟ್ಟಿಗೆಯಲ್ಲಿರುವ ಇಲಿ ಶಾಕ್ ನಿಲ್ಲಿಸಲು ಸನ್ನೆಕೋಲು ಒತ್ತುವುದೂ ಇದೇ.

ಶಿಕ್ಷೆಯಲ್ಲಿ ವರ್ತನೆ ಇಳಿಯಬೇಕು. ಹೆಲ್ಮೆಟ್ ಇಲ್ಲದ್ದಕ್ಕೆ ದಂಡ ಕಟ್ಟಿದವರು ಮರುದಿನ ಹಾಕಿಕೊಂಡು ಬಂದರೆ, ಬರಿತಲೆಯಲ್ಲಿ ಓಡಿಸುವ ವರ್ತನೆ ಇಳಿಯಿತು, ಅದು ಶಿಕ್ಷೆ. ದಂಡ ಕಟ್ಟಿಯೂ ಬರಿತಲೆಯಲ್ಲೇ ತಿರುಗಿದರೆ (ನಮ್ಮಲ್ಲಿ ಅವರೇ ಜಾಸ್ತಿ!) ಮನೋವಿಜ್ಞಾನದ ಲೆಕ್ಕದಲ್ಲಿ ಅದು ಶಿಕ್ಷೆಯೇ ಅಲ್ಲ, ಬರೀ ರಸೀದಿ.