"ಮನೇಲೇ ಇರ್ತೀಯಲ್ಲ, ಒಂದು ಬ್ಲೌಸ್ ಹೊಲಿದುಕೊಡು"

ಇದು ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬ ಹೆಣ್ಣುಮಗಳ ಕಥೆ. ಗುರುತು ಸಿಗಬಾರದು ಎಂದು ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಸವಿತಾ ಎಂದು ಕರೆಯೋಣ.

ಸವಿತಾಗೆ 37 ವರ್ಷ. ತುಮಕೂರು ಕಡೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮನೆ. ಗಂಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಹೈಸ್ಕೂಲಿಗೆ ಹೋಗುವ ಮಗಳು, ಐದನೇ ಕ್ಲಾಸಿನ ಮಗ, ಜೊತೆಗೆ ಅತ್ತೆ. ಹಾಲ್‌ನ ಒಂದು ಮೂಲೆಯಲ್ಲಿ ಮೋಟಾರ್ ಹಾಕಿಸಿದ ಹೊಲಿಗೆ ಮೆಷಿನ್. ಬ್ಲೌಸ್, ಫಾಲ್, ಜಿಗ್‌ಜಾಗ್, ಸೀರೆ ಕುಚ್ಚು ಎಲ್ಲಾ ಅಲ್ಲೇ. ಆರು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ.

ಅವರು ಬಂದದ್ದು 2025ರ ಆಗಸ್ಟ್‌ನಲ್ಲಿ. ವರಮಹಾಲಕ್ಷ್ಮಿ ಹಬ್ಬ ಮುಗಿದಿತ್ತು, ಗೌರಿ ಹಬ್ಬ ಎದುರಿಗಿತ್ತು. "ರಾತ್ರಿ ಮೂರಕ್ಕೆ ಎಚ್ಚರ ಆಗುತ್ತೆ ಮೇಡಂ. ಫೋನ್ ರಿಂಗ್ ಆದ್ರೆ ಎದೆ ಡವಡವ ಅನ್ನುತ್ತೆ. ಮಕ್ಕಳ ಮೇಲೆ ರೇಗಾಡ್ತೀನಿ, ಆಮೇಲೆ ಅಳ್ತೀನಿ" ಎಂದರು. ಕತ್ತು ಬೇರೆ ತಿರುಗಿಸೋಕೆ ಆಗುತ್ತಿರಲಿಲ್ಲ. ಮಾತಿನ ಮಧ್ಯೆ "ಎಲ್ಲಾ ಬಿಟ್ಟು ಎಲ್ಲಾದ್ರೂ ಹೋಗ್ಬಿಡಬೇಕು ಅನ್ಸುತ್ತೆ" ಎಂದಾಗ ನಾನು ನೇರವಾಗಿ ಕೇಳಿದೆ: ಸಾಯಬೇಕು ಅಂತ ಅನ್ನಿಸಿದೆಯಾ? ಇಂಥ ಮಾತನ್ನು ಕೇಳದೆ ಮುಂದೆ ಹೋಗಬಾರದು. ಇಲ್ಲ, ಒಂದು ದಿನ ಸುಮ್ನೆ ಮಲಗಬೇಕು ಅಷ್ಟೆ ಎಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದುಕೊಟ್ಟೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಜೊತೆಗೆ ರಕ್ತ ಪರೀಕ್ಷೆಗೂ ಕಳಿಸಿದೆ. ಸುಸ್ತು, ಸಿಟ್ಟು ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಹಿಮೋಗ್ಲೋಬಿನ್ ಕಡಿಮೆ ಇದೆ ಎಂದು ಗೊತ್ತಾಗಿ ಡಾಕ್ಟರು ಕಬ್ಬಿಣಾಂಶದ ಮಾತ್ರೆ ಶುರು ಮಾಡಿದರು.

ಆದರೆ ಮಾತ್ರೆಗೆ ಬಗ್ಗದ ಸಂಗತಿ ಇನ್ನೊಂದಿತ್ತು. ಬೆಳಿಗ್ಗೆ ಆರೂವರೆಗೆ, ಒಲೆ ಮೇಲೆ ಸಾಂಬಾರ್ ಕುದಿಯುವಾಗಲೇ ಬಾಗಿಲು ಬಡಿಯುತ್ತಾರೆ. "ಸವಿತಕ್ಕ, ಇವತ್ತು ಸಂಜೆ ಫಂಕ್ಷನ್, ಒಂದೇ ಒಂದು ಬ್ಲೌಸ್ ಅಲ್ವಾ." ರಾತ್ರಿ ಹತ್ತಕ್ಕೂ ಬರುತ್ತಾರೆ. ನಾದಿನಿ ಬಂದರೆ ನಾಲ್ಕು ಬ್ಲೌಸ್ ಒಟ್ಟಿಗೆ ಇಟ್ಟು ಹೋಗುತ್ತಾರೆ, ದುಡ್ಡಿನ ಮಾತು ಎತ್ತುವ ಹಾಗಿಲ್ಲ, ಅವರು ಕೊಟ್ಟಷ್ಟೇ. ಮಧ್ಯಾಹ್ನ ಅತ್ತೆ ಕರೆಯುತ್ತಾರೆ, ಗ್ಯಾಸ್ ಬಂದರೆ ಇವರೇ ಏಳಬೇಕು, ಮಗನ ಶಾಲೆಯಿಂದ ಫೋನ್ ಬಂದರೆ ಇವರೇ ಓಡಬೇಕು. ಎಲ್ಲರ ಬಾಯಲ್ಲೂ ಒಂದೇ ಮಾತು: ಮನೇಲೇ ಇರ್ತೀಯಲ್ಲ. ಹಬ್ಬದ ಹಿಂದಿನ ರಾತ್ರಿ ಎರಡೂವರೆ ತನಕ ಹುಕ್ಸ್ ಹಾಕಿ, ಬೆಳಿಗ್ಗೆ ಕಲಶ ಕೂರಿಸುವ ಹೊತ್ತಿಗೆ ಕಣ್ಣು ಕತ್ತಲೆ ಬಂದು ಅಡುಗೆಮನೆಯಲ್ಲೇ ಕೂತುಬಿಟ್ಟಿದ್ದರಂತೆ.

ತಿಂಗಳಿಗೆ ಎಷ್ಟು ಸಂಪಾದನೆ ಆಗುತ್ತೆ ಎಂದು ಕೇಳಿದೆ. ಉತ್ತರ ಇರಲಿಲ್ಲ. ಗಿರಾಕಿಗಳು ಸ್ಕ್ಯಾನ್ ಮಾಡುತ್ತಿದ್ದ ಕ್ಯೂಆರ್ ಕೋಡ್ ಗಂಡನ ಖಾತೆಯದು. ದುಡ್ಡು ಅಲ್ಲಿಗೆ ಬಿದ್ದು, ರೇಷನ್ನು, ಪೆಟ್ರೋಲು, ಸಂಘದ ಕಂತು ಎಂದು ಅಲ್ಲಿಂದಲೇ ಹೋಗುತ್ತಿತ್ತು. ಬಂದದ್ದು ಎಷ್ಟು ಎಂದು ಇವರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಮನೆಯಿಂದ ವ್ಯಾಪಾರ ಮಾಡುವ ಹೆಂಗಸರು ತುಂಬಾ ಜನ ನನ್ನ ಮುಂದೆ ಕೂತಿದ್ದಾರೆ. ಹಪ್ಪಳ, ಚಟ್ನಿಪುಡಿ, ಟ್ಯೂಷನ್, ಹೊಲಿಗೆ, ಯಾವುದೇ ಇರಲಿ, ಬಹಳ ಕಡೆ ನೋವು ಇದೇ ಜಾಗದಲ್ಲಿ ಇರುತ್ತದೆ. ಬಟ್ಟೆಗೆ, ನೂಲಿಗೆ, ಎಣ್ಣೆಗೆ ಲೆಕ್ಕ ಹಾಕುತ್ತಾರೆ. ತಮ್ಮ ಹೊತ್ತಿಗೆ ಲೆಕ್ಕ ಹಾಕುವುದಿಲ್ಲ. ತಾನೇ ಬೆಲೆ ಹೇಳದ ಹೊತ್ತನ್ನು ಬೇರೆಯವರು ಪುಕ್ಕಟೆ ಎಂದುಕೊಂಡರೆ ಆಶ್ಚರ್ಯವೇನಿಲ್ಲ. ಹಾಗಾಗಿ ಸವಿತಾಗೆ ಉಸಿರಾಟದ ಅಭ್ಯಾಸಕ್ಕಿಂತ ಮೊದಲು ಒಂದು ನೋಟ್‌ಬುಕ್ ಕೆಲಸ ಕೊಟ್ಟೆ. ಒಂದೇ ಒಂದು ಲೈನಿಂಗ್ ಬ್ಲೌಸ್‌ಗೆ ಎಷ್ಟು ನಿಮಿಷ, ಎಷ್ಟು ದುಡ್ಡು, ಬರೆದುಕೊಂಡು ಬನ್ನಿ ಎಂದೆ.

ಮುಂದಿನ ವಾರ ತಂದರು. ಅಳತೆ ತೆಗೆದು ಡಿಸೈನ್ ಮಾತಾಡಿದ್ದು 20 ನಿಮಿಷ. ಕಟಿಂಗ್ 30. ಮೆಷಿನ್ ಮೇಲೆ 70. ಹೆಮ್ಮಿಂಗ್, ಹುಕ್ಸ್ 40. ಇಸ್ತ್ರಿ 10. ಹಾಕಿ ನೋಡಿ "ತೋಳು ಸ್ವಲ್ಪ ಬಿಗಿ" ಅಂದದ್ದಕ್ಕೆ ಬಿಚ್ಚಿ ಹೊಲಿದದ್ದು 20. ಒಟ್ಟು ಮೂರು ಗಂಟೆ ಹತ್ತು ನಿಮಿಷ. ತೆಗೆದುಕೊಂಡದ್ದು 300 ರೂಪಾಯಿ. ಲೈನಿಂಗ್ ಬಟ್ಟೆ 60, ಕ್ಯಾನ್ವಾಸ್, ಹುಕ್ಸ್, ನೂಲು ಸೇರಿ 20. ಉಳಿದದ್ದು 220, ಅಂದರೆ ಗಂಟೆಗೆ 70 ರೂಪಾಯಿಯ ಹತ್ತಿರ. ನಾದಿನಿ ಕೊಡುವ 200ರಲ್ಲಿ ಗಂಟೆಗೆ 40 ಕೂಡ ಬೀಳಲಿಲ್ಲ. ಕರೆಂಟು, ಮೆಷಿನ್ ಸರ್ವಿಸ್ ಇದರಲ್ಲಿ ಸೇರಿಯೇ ಇಲ್ಲ. ಅದೇ ಊರಿನ ಅಂಗಡಿಯಲ್ಲಿ ಅದೇ ಬ್ಲೌಸ್‌ಗೆ 500. ಸವಿತಾ ಆ ಪುಟವನ್ನು ನೋಡುತ್ತಾ "ನಾನೇ ನನ್ನನ್ನ ಇಷ್ಟಕ್ಕೆ ಮಾರಿಕೊಂಡಿದ್ದೀನಿ" ಎಂದರು. ಆವತ್ತು ಅತ್ತರು. ಅಳಲಿ ಎಂದು ಬಿಟ್ಟೆ.

ಅವರಿಗೆ ನಾನು ಹೇಳಿದ್ದು ಇಷ್ಟು. ಲೈನಿಂಗ್ ಬ್ಲೌಸ್ 450, ಪೈಪಿಂಗ್, ಡಿಸೈನ್ ಇದ್ದರೆ ಅದರ ಮೇಲೆ. ರೇಟನ್ನು ಬರೆದು ಮೆಷಿನ್ ಹಿಂದಿನ ಗೋಡೆಗೆ ಅಂಟಿಸಿ. ಬಾಯಲ್ಲಿ ಹೇಳಿದರೆ ಚೌಕಾಸಿ, ಗೋಡೆ ಮೇಲಿದ್ದರೆ ಕೇಳುವವರು ಕಡಿಮೆ. ಒಂದು ಬಿಲ್ ಬುಕ್ ತನ್ನಿ. ಕೊಟ್ಟ ದಿನ, ಕೊಡುವ ದಿನ, ಅಡ್ವಾನ್ಸ್ ಬರೆದು ಒಂದು ಚೀಟಿ ಅವರ ಕೈಗೆ ಕೊಡಿ. ಅರ್ಧ ದುಡ್ಡು ಮುಂಗಡ ಕೊಡದೆ ಕತ್ತರಿ ಎತ್ತಬೇಡಿ. ಗಿರಾಕಿ ಬರುವ ಹೊತ್ತು ಬೆಳಿಗ್ಗೆ 11ರಿಂದ 1, ಸಂಜೆ 5ರಿಂದ 7. ರಾತ್ರಿ 9ಕ್ಕೆ ಮೆಷಿನ್ ಮೇಲೆ ಬಟ್ಟೆ ಹೊದಿಸಿ, ಫೋನ್ ಸೈಲೆಂಟ್. ಭಾನುವಾರ ರಜಾ. ಹಬ್ಬಕ್ಕೆ ಮೂರು ವಾರ ಇರುವಾಗಲೇ ಆರ್ಡರ್ ನಿಲ್ಲಿಸಿ. ದಿನಕ್ಕೆ ಮೂರು ಬ್ಲೌಸ್ ಮುಗಿಯುತ್ತೆ ಎಂದಾದರೆ, ಆ ಲೆಕ್ಕಕ್ಕಿಂತ ಒಂದೂ ಜಾಸ್ತಿ ಒಪ್ಪಬೇಡಿ.

"ಬೇಡ ಅಂದ್ರೆ ಬೇಜಾರು ಮಾಡ್ಕೋತಾರೆ ಮೇಡಂ" ಎಂದರು. ಅದಕ್ಕೆ ನಾವಿಬ್ಬರೂ ಕೂತು ಆಡಿ ನೋಡಿದೆವು. ನಾನು ಗಿರಾಕಿ, ಅವರು ಸವಿತಕ್ಕ. "ಈಗ ಆಗಲ್ಲ ರೀ, ಹಬ್ಬ ಆದ್ಮೇಲೆ ಹತ್ತನೇ ತಾರೀಖಿಗೆ ಕೊಡ್ತೀನಿ" ಎನ್ನುವ ಒಂದು ಸಾಲು. ಕಾರಣ ಹೇಳಬಾರದು, ಕ್ಷಮೆ ಕೇಳಬಾರದು. ಮೊದಲು ದನಿಯೇ ಏಳಲಿಲ್ಲ. ಹೇಳಿ ಹೇಳಿ ಬಾಯಿಗೆ ಒಗ್ಗಿತು. ನಾದಿನಿಯ ವಿಷಯಕ್ಕೆ ಬೇರೆ ದಾರಿ ಹೇಳಿದೆ. ರೇಟ್ ಅವರಿಗೂ ಅದೇ. ಆದರೆ ವರ್ಷಕ್ಕೊಂದು ಬ್ಲೌಸ್, ಗೌರಿ ಬಾಗಿನದ ಜೊತೆ ನೀವಾಗಿಯೇ ಹೊಲಿದು ಉಡುಗೊರೆ ಕೊಡಿ. ಪ್ರೀತಿಯಿಂದ ಕೊಡುವುದೇ ಬೇರೆ, ಬಾಯಿ ಬಿಡಲಾರದೆ ಕಳೆದುಕೊಳ್ಳುವುದೇ ಬೇರೆ.

ಖಾತೆಯ ವಿಷಯದಲ್ಲಿ ನಿಜವಾದ ಭಯ ಇತ್ತು. ಜುಲೈ ತಿಂಗಳಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದ ಸುದ್ದಿ ಎಲ್ಲಾ ಕಡೆ ಓಡಾಡಿತ್ತು. ಬೆಂಗಳೂರಿನ ಅಂಗಡಿಗಳು "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿದ್ದವು. ತಮ್ಮ ಖಾತೆಗೆ ದುಡ್ಡು ಬಂದರೆ ಗೃಹಲಕ್ಷ್ಮಿಯ 2,000 ನಿಂತುಹೋಗುತ್ತೆ ಎಂದೂ ಯಾರೋ ಹೆದರಿಸಿದ್ದರು. ಬಿಡಿಸಿ ಹೇಳಿದೆ. ಗಿರಾಕಿಯ ಬಟ್ಟೆ ಹೊಲಿದುಕೊಡುವುದು ಸೇವೆ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿಯ ಮಾತು. ಇವರದು ಅದರ ಹತ್ತಿರವೂ ಇಲ್ಲ. ಗೃಹಲಕ್ಷ್ಮಿ ಸಿಗದಿರುವುದು ಆ ಮಹಿಳೆ ಅಥವಾ ಗಂಡ ಆದಾಯ ತೆರಿಗೆ ಕಟ್ಟುವವರು ಇಲ್ಲವೇ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿದ್ದರೆ. ಬ್ಲೌಸ್‌ನ ದುಡ್ಡು ಖಾತೆಗೆ ಬಿತ್ತು ಎಂದು ಯಾರೂ ನಿಲ್ಲಿಸುವುದಿಲ್ಲ. ಗೃಹಲಕ್ಷ್ಮಿ ಬರುತ್ತಿರುವ ಖಾತೆ ಇವರ ಹೆಸರಿನಲ್ಲೇ ಇತ್ತಲ್ಲ, ಅದಕ್ಕೇ ಕ್ಯೂಆರ್ ಮಾಡಿಸಿಕೊಳ್ಳಿ ಎಂದೆ. ಮನೆಗೆ ಕೊಡಬೇಕಾದ್ದನ್ನು ತಿಂಗಳಿಗೊಮ್ಮೆ, ಇಷ್ಟು ಎಂದು ಗೊತ್ತು ಮಾಡಿಕೊಂಡು ಕೊಡಲಿ.

ಇದಕ್ಕೆ ಗಂಡನ ಒಪ್ಪಿಗೆ ಬೇಕಿತ್ತು. ಅವರನ್ನೂ ಕರೆಸಿದೆ. ಕೆಟ್ಟ ಮನುಷ್ಯ ಅಲ್ಲ. "ನಾನೇನು ಬೇಡ ಅಂದಿಲ್ಲ ಮೇಡಂ, ಅವಳ ಕೈಖರ್ಚಿಗೆ ಆಗ್ಲಿ ಅಂತ ಬಿಟ್ಟಿದ್ದೀನಿ" ಎಂದರು. ತಿಂಗಳಿಗೆ ಮೂರು ನಾಲ್ಕು ಸಾವಿರ ಬರಬಹುದು ಎಂಬುದು ಅವರ ಅಂದಾಜು. ಇಬ್ಬರೂ ಸೇರಿ ಅವರದೇ ಫೋನ್ ತೆಗೆದು, ಜುಲೈ ತಿಂಗಳಲ್ಲಿ ಬಂದ ಒಂದೊಂದೇ ದುಡ್ಡನ್ನು ನೋಟ್‌ಬುಕ್‌ಗೆ ಇಳಿಸಿದರು. ಸಾಮಾನಿನ ಖರ್ಚು ಕಳೆದು 13,600. ಅವರ ಸಂಬಳ 18,000. ಎರಡು ಸಲ ಕೂಡಿ ನೋಡಿದರು. ಆಮೇಲೆ ಹೆಂಡತಿ ಕಡೆ ತಿರುಗಿ "ಇಷ್ಟೊಂದಾ?" ಎಂದರು. ಆ ದಿನದಿಂದ ಬೆಳಿಗ್ಗೆ ಮಗನ ಟಿಫನ್ ಡಬ್ಬಿ ಅವರ ಪಾಲಿಗೆ ಬಂತು. ನಾನು ಹೇಳಿದ್ದಲ್ಲ, ಅವರೇ ತೆಗೆದುಕೊಂಡದ್ದು.

ಆದರೆ ಇನ್ನೊಂದು ತುದಿಗೂ ಹೋದರು. "ಹಾಗಾದ್ರೆ ಸಾಲ ತಗೊಂಡು ಅಂಗಡಿನೇ ಹಾಕ್ಬಿಡೋಣ." ಇದಕ್ಕೆ ನಾನು ಈಗ ಬೇಡ ಎಂದು ಖಡಾಖಂಡಿತವಾಗಿ ಹೇಳಿದೆ. ಜುಲೈ ಎಂದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬಟ್ಟೆ ಹೊಲಿಸುವ ಸೀಸನ್. ಧನುರ್ಮಾಸದಲ್ಲಿ ಮದುವೆ ಇಲ್ಲ, ಆರ್ಡರ್ ಇಳಿಯುತ್ತದೆ. ಅಂಗಡಿಯ ಬಾಡಿಗೆ ಇಳಿಯುವುದಿಲ್ಲ, ಅಡ್ವಾನ್ಸ್ ಬೇರೆ ಕೊಡಬೇಕು. ಈಗಾಗಲೇ ಸಂಘದ ಕಂತು ಇದೆ. ಸಂಕ್ರಾಂತಿ ತನಕ ಲೆಕ್ಕ ಬರೆಯಿರಿ, ಖಾಲಿ ತಿಂಗಳು ಹೇಗಿರುತ್ತೆ ನೋಡಿ, ಆಮೇಲೆ ಮಾತಾಡೋಣ ಎಂದೆ. ಹಾಗೂ ಸಾಲ ಬೇಕೇ ಬೇಕು ಎಂದರೆ ಮೊದಲು ಪಿಎಂ ವಿಶ್ವಕರ್ಮ ವಿಚಾರಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ, 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ಉಪಕರಣಕ್ಕೆ 15,000 ರೂಪಾಯಿ ತನಕ ನೆರವು, ಮೊದಲ ಕಂತಿನ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡಾ 5. ಒಂದು ಮನೆಗೆ ಒಬ್ಬರಿಗೇ. ಮನೆಬಾಗಿಲಿಗೆ ಬಂದು ಸಾಲ ಕೊಡುವವರ ಕಡೆ ಮಾತ್ರ ತಿರುಗಿಯೂ ನೋಡಬೇಡಿ ಎಂದು ಒತ್ತಿ ಹೇಳಿದೆ. ವಾರದ ಕಂತಿನ ಹೆದರಿಕೆಯಲ್ಲಿ ನಿದ್ದೆಗೆಟ್ಟು ಬರುವವರನ್ನು ನೋಡಿ ಹೊಟ್ಟೆ ಉರಿದು ಹೇಳುವ ಮಾತು ಇದು.

ನವೆಂಬರ್ ಹೊತ್ತಿಗೆ ನಿದ್ದೆ ಸುಮಾರಾಗಿ ಸರಿಯಾಗಿತ್ತು. ಸ್ಟೂಲ್ ಬದಲಿಗೆ ಬೆನ್ನು ಆನಿಸುವ ಕುರ್ಚಿ ಬಂದಿತ್ತು. ರೇಟ್ ಏರಿಸಿದ ಮೇಲೆ ಕೆಲವು ಗಿರಾಕಿಗಳು ಬಿಟ್ಟುಹೋದರು. ದೀಪಾವಳಿಗೆ ಹೊಲಿದ ಬ್ಲೌಸ್ ಕಡಿಮೆ, ಕೈಗೆ ಬಂದ ದುಡ್ಡು ಕಡಿಮೆಯಾಗಲಿಲ್ಲ. ನಾದಿನಿ ಇನ್ನೂ ಮುನಿಸಿಕೊಂಡಿದ್ದಾರೆ. ಹಳೇ ಬಾಕಿ ಪೂರ್ತಿ ಬಂದಿಲ್ಲ. ಅತ್ತೆಗೆ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವುದು ಈಗಲೂ ಹಿಡಿಸಿಲ್ಲ, "ಬಂದ ಲಕ್ಷ್ಮೀನ ಹೊರಗೆ ನಿಲ್ಲಿಸ್ತೀಯಾ" ಎನ್ನುತ್ತಾರಂತೆ. ಅದಕ್ಕೆ ಉತ್ತರ ಕೊಡಲು ಹೋಗಬೇಡಿ, ಬಾಗಿಲು ಮಾತ್ರ ಹಾಕಿ ಎಂದಿದ್ದೇನೆ.

ಮೊನ್ನೆ ಬಂದಾಗ ಸವಿತಾ ಕೇಳಿದ್ದು ಬೇರೆಯದೇ. ಪಕ್ಕದ ಬೀದಿಯ ಒಬ್ಬ ಹುಡುಗಿ ಹೆಮ್ಮಿಂಗ್, ಹುಕ್ಸ್ ಮಾಡಿಕೊಡಲು ಬರುತ್ತಾಳಂತೆ. "ಕಲಿಯೋಳು, ಏನಾದ್ರೂ ಕೊಟ್ರೆ ಆಯ್ತು ಅಂತಾಳೆ. ಎಷ್ಟು ಕೊಡ್ಲಿ ಮೇಡಂ?" ನಿಮ್ಮ ನೋಟ್‌ಬುಕ್ ತೆಗೆಯಿರಿ, ಹೆಮ್ಮಿಂಗ್‌ಗೆ 40 ನಿಮಿಷ ಎಂದು ನೀವೇ ಬರೆದಿದ್ದೀರಿ, ಅದಕ್ಕೊಂದು ರೇಟ್ ಕಟ್ಟಿ ಮೊದಲೇ ಹೇಳಿಬಿಡಿ, ಪ್ರತಿ ಶನಿವಾರ ಅವಳ ಖಾತೆಗೇ ಹಾಕಿ ಎಂದೆ. ಬ್ಲೌಸ್‌ಗೆ 50 ರೂಪಾಯಿ ಎಂದು ಗೊತ್ತು ಮಾಡಿಕೊಂಡು ಹೋದರು.